ಅಟ್ಟದ ಹೊಗೆ, ಹಿತ್ತಲ ಹೊಗೆ

ಕಳೆದ ಮಾಗಿಯ ಒಂದು ಸಂಜೆ ಮುನಿರಾಬಾದಿನಲ್ಲಿರುವ ನನ್ನ ಸೋದರಳಿಯನ ಮನೆಗೆ ಹೋಗಿದ್ದೆ. ಅಣೆಕಟ್ಟಿನ ಕಾಲದ ಹಳೆಯ ವಸತಿಗಳಿಗೆಲ್ಲ ಇರುವಂತೆ ಅವನ ಮನೆಗೂ ಹಿಂದೆ ವಿಶಾಲವಾದ ಹಿತ್ತಲಿದೆ. ಅಲ್ಲಿ ಬೇವಿನ ಮರದಿಂದ ಹತ್ತು ಮಾರು ದೂರದಲ್ಲಿ ಒಂದು ಕಬ್ಬಿಣದ ಪೀಪಾಯಿ ನಿಂತಿತ್ತು. ಅದರ ಅಡಿಯಲ್ಲಿ ಗಾಳಿಯಾಡಲು ನಾಲ್ಕು ತೂತು, ನಡುವೆ ಸರಳುಗಳ ಜಾಲರಿ, ಮೇಲೊಂದು ಮುಚ್ಚಳ. ಮುಚ್ಚಳದ ಸಂದಿನಿಂದ ನೀಲಿಯಾದ ತೆಳು ಹೊಗೆ ಎಳೆಯೆಳೆಯಾಗಿ ಏಳುತ್ತಿತ್ತು. ಜಾಲರಿಯ ಮೇಲೆ ಉಪ್ಪು, ಅರಿಸಿನ, ಮೆಣಸು ಸವರಿದ ಕುರಿಯ ತೊಡೆ, ಕೋಳಿಯ ರೆಕ್ಕೆಗಳು. ಊಟಕ್ಕೆ ಮುಂಚೆ ಬಾಯಾಡಿಸಲೆಂದು ಪಕ್ಕದಲ್ಲಿ ನಾಲ್ಕು ಬದನೆಕಾಯಿ, ಮೆಕ್ಕೆಜೋಳದ ತೆನೆಗಳು, ಪನೀರಿನ ತುಂಡುಗಳು.

“ಮಾಮಾ, ಇದು ಅಮೆರಿಕದ ಪದ್ಧತಿ. ಉರಿಯಲ್ಲಿ ಸುಡೂದಿಲ್ಲ, ಬರೇ ಹೊಗಿಯೊಳಗ ಬೇಯಸತಾರ. ಐದಾರು ತಾಸು ಬೇಕು” ಎಂದು ಅಳಿಯ ಸಡಗರದಿಂದ ವಿವರಿಸಿದ. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಗಾಳಿ ತಿರುಗಿ ಆ ಹೊಗೆ ನನ್ನ ಮುಖಕ್ಕೆ ಬಡಿಯಿತು. ಐವತ್ತು ವರ್ಷಗಳ ಹಿಂದಿನ ಒಂದು ಅಡಿಗೆಮನೆ ನನ್ನ ಕಣ್ಣ ಮುಂದೆ ನಿಂತಿತು. ಇದು ಅಮೆರಿಕದ ಪದ್ಧತಿಯಲ್ಲವಪ್ಪಾ, ನಿನ್ನ ಮುತ್ತಜ್ಜಿಯ ಪದ್ಧತಿ ಎಂಬ ಮಾತು ನಾಲಗೆಯ ತುದಿಗೆ ಬಂದಿತು. ಆದರೆ ಬಾಯಿಂದ ಹೊರಡಲಿಲ್ಲ. ಏಕೆ ಹೊರಡಲಿಲ್ಲವೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಅಮೆರಿಕದ ಮಾತನ್ನೇ ತೆಗೆದುಕೊಳ್ಳೋಣ. ಈ ಬಗೆಯ ಅಡಿಗೆಗೆ ಅಲ್ಲಿ ಬಾರ್ಬೆಕ್ಯೂ ಎನ್ನುತ್ತಾರೆ. ಆ ಶಬ್ದ ಇಂಗ್ಲಿಷಿಗೆ ಬಂದದ್ದು ಸ್ಪ್ಯಾನಿಷಿನಿಂದ. ಸ್ಪ್ಯಾನಿಷಿಗೆ ಬಂದದ್ದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತಾಯ್ನೊ ಜನರ ನುಡಿಯಿಂದ. ‘ಬಾರ್ಬಕೋವ’ ಎಂದರೆ ಅವರಲ್ಲಿ ಅಡಿಗೆಯ ಹೆಸರಲ್ಲ. ಗೂಟ ನೆಟ್ಟು ಕೋಲುಗಳನ್ನು ಹಾಸಿ ಮಾಡಿದ ಎತ್ತರದ ಹಂದರದ ಹೆಸರು. ಅದರ ಮೇಲೆ ಮಲಗುತ್ತಿದ್ದರು, ಕಾಳುಕಡಿ ಇಡುತ್ತಿದ್ದರು, ಕೆಳಗೆ ಬೆಂಕಿ ಹಾಕಿ ಮೀನನ್ನೂ ಮಾಂಸವನ್ನೂ ಹೊಗೆಯಲ್ಲಿ ಒಣಗಿಸುತ್ತಿದ್ದರು. ಸ್ಪೇನಿನ ಇತಿಹಾಸಕಾರ ಓವಿಯೆದೊ ೧೫೨೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಶಬ್ದವನ್ನು ಬಳಸಿದ್ದಾನೆ.

ಎತ್ತರದಲ್ಲಿ ಕಟ್ಟಿದ ಇಂಥ ಹಾಸಿಗೆ ನಮ್ಮಲ್ಲಿ ಮಾತಿಲ್ಲವೆ? ಅಟ್ಟ, ಅಟ್ಟಣೆ, ಅಟ್ಟಣಿಗೆ ಎನ್ನುತ್ತೇವೆ. ಹೊಲದಲ್ಲಿ ಹಕ್ಕಿ ಕಾಯುವವನಿಗೆ ಅಟ್ಟಣೆ. ಮನೆಯಲ್ಲಿ ಒಲೆಯ ನೇರಕ್ಕೆ, ಜಂತಿಯ ಕೆಳಗೆ, ಬಿದಿರಿನ ಗಳಗಳನ್ನು ಹಾಸಿದರೆ ಅಟ್ಟ. ಅದರ ಮೇಲೆ ಮುಂದಿನ ಬಿತ್ತನೆಯ ತೆನೆ, ಬೀಜಕ್ಕೆ ಬಿಟ್ಟ ಹೀರೇಕಾಯಿ, ಬೆಳ್ಳುಳ್ಳಿಯ ಗೊಂಚಲು. ಒಲೆಯ ಹೊಗೆ ತಾಗಿದ ಬೀಜಕ್ಕೆ ನುಸಿ ಹತ್ತುವುದಿಲ್ಲ ಎಂಬುದು ಒಕ್ಕಲಿಗರಿಗೆಲ್ಲ ತಿಳಿದ ವಿಷಯ. ಕನ್ನಡದಲ್ಲಿ ಇನ್ನೊಂದು ‘ಅಟ್ಟ’ವೂ ಇದೆ. ‘ಅಡು’ ಎಂಬ ಕ್ರಿಯಾಪದದಿಂದ ಹುಟ್ಟಿದ ಅದಕ್ಕೆ ಬೇಯಿಸಿದ ಎಂದರ್ಥ. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿರುವುದು ಈ ಎರಡನೆಯ ಅಟ್ಟ. ಶಬ್ದಗಳು ಎರಡು, ರೂಪ ಒಂದು. ಆದರೆ ಒಲೆಯ ಮೇಲಣ ಗಳಕ್ಕೆ ಮಾಂಸದ ಪಟ್ಟಿಗಳನ್ನು ತೂಗಹಾಕಿದ ಮನೆಯಲ್ಲಿ ಎರಡು ಅಟ್ಟಗಳೂ ಒಂದೇ ಆಗಿದ್ದವು. ಅಲ್ಲಿ ಅಟ್ಟದ ಮೇಲಿಟ್ಟದ್ದು ತಾನಾಗಿಯೇ ಅಡಲ್ಪಡುತ್ತಿತ್ತು.

ಮಾಂಸವೆಂಬ ಸಂಸ್ಕೃತ ಶಬ್ದವಲ್ಲದೆ ಕನ್ನಡಕ್ಕೆ ತನ್ನವೇ ಆದ ಅಡಗು, ಬಾಡು, ಕಂಡ ಎಂಬ ಹಳೆಯ ಮಾತುಗಳಿವೆ. ನಮ್ಮ ಕೊಪ್ಪಳ, ರಾಯಚೂರು ಸೀಮೆಯಲ್ಲಿ ಇಂದಿಗೂ ‘ಖಂಡ’ವೆಂದರೆ ಮಾಂಸವೇ. ಇಷ್ಟು ಹೆಸರುಗಳಿರುವ ಪದಾರ್ಥಕ್ಕೆ ಒಂದು ಇತಿಹಾಸವಿರಲೇಬೇಕಲ್ಲ. ಅದನ್ನು ಹುಡುಕಲು ಮುನಿರಾಬಾದಿನಿಂದ ಬಹುದೂರ ಹೋಗಬೇಕಾಗಿಲ್ಲ. ಹೊಳೆ ದಾಟಿದರೆ ಸಾಕು.

ಹಂಪೆಯ ಸಮೀಪ ನಿಂಬಾಪುರವೆಂಬ ಹಳ್ಳಿಯಿದೆ. ಅಲ್ಲಿ ಒಂದು ಬೂದಿಯ ದಿಬ್ಬ. ಶ್ರೀರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ದಹಿಸಿದ ಸ್ಥಳವೇ ಅದೆಂದು ಜನ ನಂಬುತ್ತಾರೆ. ಬಳ್ಳಾರಿಯ ದಾರಿಯಲ್ಲಿ ಕುಡತಿನಿಯ ಬಳಿ ಇಂಥದೇ ಇನ್ನೂ ದೊಡ್ಡ ದಿಬ್ಬವಿದೆ. ಪ್ರಾಕ್ತನ ಸಂಶೋಧಕರು ಇವುಗಳನ್ನು ಪರೀಕ್ಷಿಸಿ, ಇದು ಚಿತೆಯ ಬೂದಿಯಲ್ಲ, ನವಶಿಲಾಯುಗದ ದನಗಾಹಿ ಜನ ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ ಎಂದು ನಿರ್ಣಯಿಸಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊಫೆಸರ್ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ಬೂದಿದಿಬ್ಬದ ಜೊತೆಗೆ, ಆ ಜನ ದನಗಳನ್ನು ಕಡಿದು ಹಸನುಗೊಳಿಸುತ್ತಿದ್ದ ನೆಲವೂ ದೊರೆಯಿತು. ಅಲ್ಲಿ ಎಲುಬುಗಳೂ ಕಲ್ಲಿನ ಆಯುಧಗಳೂ ಒಟ್ಟಿಗೆ ಬಿದ್ದಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಾತಿದು.

ಒಂದು ದನವನ್ನು ಕಡಿದರೆ ಸಿಗುವ ಮಾಂಸ ಒಂದು ಕುಟುಂಬದ ಒಂದು ದಿನದ ಊಟಕ್ಕೆ ಬಹಳ ಹೆಚ್ಚು. ಹತ್ತಾರು ಮನೆಗಳಿಗೆ ಹಂಚಬೇಕು, ಇಲ್ಲವೆ ಕಾಪಿಡಬೇಕು. ಆ ಜನ ಹಂಚಿದ್ದಕ್ಕೆ ಎಲುಬು ಸಾಕ್ಷಿ, ಸುಟ್ಟದ್ದಕ್ಕೆ ಬೂದಿ ಸಾಕ್ಷಿ. ಆದರೆ ಹೊಗೆಗೆ ಏನು ಸಾಕ್ಷಿ? ಇತಿಹಾಸಕಾರನಿಗೆ ಇರುವ ದೊಡ್ಡ ತೊಡಕೇ ಇದು. ಬೆಂಕಿ ಬೂದಿಯನ್ನು ಬಿಡುತ್ತದೆ. ಹೊಗೆ ಏನನ್ನೂ ಬಿಡುವುದಿಲ್ಲ. ಬಿದಿರಿನ ಅಟ್ಟವೂ ಹುಲ್ಲಿನ ಸೂರೂ ಮಣ್ಣಾದ ಮೇಲೆ ಹೊಗೆಯ ಸುದ್ದಿಯನ್ನು ಹೇಳುವವರೇ ಇಲ್ಲ.

ಬರವಣಿಗೆಯ ಕಾಲಕ್ಕೆ ಬಂದರೆ ಗ್ರಂಥಗಳು ಹೇಳಬೇಕು. ಕನ್ನಡ ನಾಡಿನ ಅರಸರು ಅಡಿಗೆಯನ್ನು ಶಾಸ್ತ್ರವೆಂದು ಗೌರವಿಸಿದವರು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕದ ವಿಷಯಕ್ಕೆ ಪ್ರತ್ಯೇಕ ಸ್ಥಾನವಿದೆ. ಅದೇ ವಂಶದ ಮೂರನೆಯ ಸೋಮೇಶ್ವರ ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವಂತೂ ಒಂದು ಆಶ್ಚರ್ಯ. ಕಾಡುಹಂದಿಯ ಕೂದಲನ್ನು ಬಿಸಿನೀರಿನಿಂದ ತೆಗೆಯುವ ಕ್ರಮ, ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಿಂದ ತೆಗೆಯುವ ಕ್ರಮ, ಕೆಂಡದ ಮೇಲೆ ಸುಟ್ಟ ಮಾಂಸವನ್ನು ತಾಳೆಗರಿಯಷ್ಟು ತೆಳ್ಳಗೆ ಸೀಳುವ ಕ್ರಮ, ಮಾಂಸದ ತುಂಡುಗಳಿಗೆ ತೂತು ಕೊರೆದು ಮಸಾಲೆ ತುಂಬಿ ಶೂಲಕ್ಕೆ ಪೋಣಿಸಿ ಸುಡುವ ‘ಭಡಿತ್ರಕ’ ಎಲ್ಲವೂ ಅಲ್ಲಿವೆ. ಹೊಲದ ಇಲಿ, ಆಮೆ, ಏಡಿಗಳ ಪಾಕವನ್ನೂ ಆ ಸರ್ವಜ್ಞ ಚಕ್ರವರ್ತಿ ಬಿಟ್ಟಿಲ್ಲ.

ಇಷ್ಟನ್ನೆಲ್ಲ ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಬೆಂಕಿಯ ವೈಭವವಿದೆ, ಕೆಂಡದ ಹದವಿದೆ. ನಾಳೆಯ ಚಿಂತೆ ಇಲ್ಲ. ಎಲ್ಲವೂ ಈ ಹೊತ್ತು ಕೊಂದು ಈ ಹೊತ್ತು ಉಣ್ಣುವ ಮಾಂಸವೇ. ಅರಸನಿಗೆ ನಾಳೆಯ ಬೇಟೆ ನಾಳೆ ಇದ್ದೇ ಇದೆಯಲ್ಲ!

ಇದಾದ ನಾಲ್ಕು ಶತಮಾನಗಳ ಮೇಲೆ ನಮ್ಮ ಹೊಳೆಯ ಆಚೆದಡದಲ್ಲಿ ವಿಜಯನಗರದ ಪೇಟೆ ಮೆರೆಯುತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಅದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೀದಿಬೀದಿಯಲ್ಲಿ ಮಾರುತ್ತಿದ್ದ ಕುರಿಮಾಂಸದ ಶುಭ್ರತೆಯನ್ನೂ ಕೊಬ್ಬನ್ನೂ ಹೊಗಳಿದ್ದಾನೆ. ಮುಂದೆ ೧೫೩೫ರ ಸುಮಾರಿಗೆ ಬರೆದ ನ್ಯೂನಿಜ್, ಅರಸರು ತಿನ್ನುವ ಪ್ರಾಣಿಪಕ್ಷಿಗಳ ಪಟ್ಟಿಯನ್ನು ಕೊಟ್ಟು, ಇವೆಲ್ಲವನ್ನೂ ಪೇಟೆಯಲ್ಲಿ ಜೀವಸಹಿತವಾಗಿಯೇ ಮಾರಬೇಕು, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ತಿಳಿಯಬೇಕು ಎಂಬ ಅರ್ಥದ ಮಾತನ್ನು ಸೇರಿಸುತ್ತಾನೆ.

ಈ ಮಾತಿನಲ್ಲಿ ನಮ್ಮ ಸಮಸ್ಯೆಗೆ ಉತ್ತರವಿದೆ. ಮಾಂಸವನ್ನು ಕೆಡದಂತೆ ಇಡಲು ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ಪ್ರಾಣಿಯನ್ನು ಜೀವಂತವಾಗಿಯೇ ಇಟ್ಟುಕೊಳ್ಳುವುದು. ಹಟ್ಟಿಯ ತುಂಬ ಕುರಿಯಿದ್ದವನಿಗೆ ಹೊಗೆಯ ಹಂಗಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೋ ಹಬ್ಬಕ್ಕೋ ಒಂದು ಪಾಲು ಸಿಗುವವನಿಗೆ, ಮತ್ತೆ ಯಾವಾಗ ಸಿಕ್ಕೀತೋ ತಿಳಿಯದವನಿಗೆ, ಹೊಗೆ ಬೇಕು. ಒಂದು ದಿನದ ಸಮೃದ್ಧಿಯನ್ನು ಮೂರು ತಿಂಗಳಿಗೆ ಹರಡುವ ವಿದ್ಯೆ ಅದು. ಅರಮನೆಯ ಪಾಕಶಾಸ್ತ್ರದಲ್ಲಿ ಅದು ಕಾಣದಿದ್ದರೆ ಆಶ್ಚರ್ಯವೇನು? ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಮಾಂಸದ ಮಾತೇ ಇಲ್ಲ, ಅವನು ಜೈನ. ಹೀಗೆ ನಮ್ಮ ಪಾಕಗ್ರಂಥಗಳ ಒಂದು ಕೊನೆಯಲ್ಲಿ ಅರಮನೆ, ಇನ್ನೊಂದು ಕೊನೆಯಲ್ಲಿ ಬಸದಿ. ನಡುವಣ ಗುಡಿಸಲಿನ ಒಲೆಯ ಮೇಲೆ ಏನು ತೂಗುತ್ತಿತ್ತೆಂದು ಇಬ್ಬರೂ ನೋಡಲಿಲ್ಲ. ಬಾರ್ಬಕೋವದ ಬಗ್ಗೆ ಬರೆದ ಓವಿಯೆದೊ, ಪಾಯಸ್ ಮತ್ತು ನ್ಯೂನಿಜರ ಸಮಕಾಲೀನ. ಅದೇ ದಶಕಗಳಲ್ಲಿ ಕಡಲಾಚೆಯ ಹಂದರ ಪುಸ್ತಕ ಸೇರಿತು. ನಮ್ಮ ಅಟ್ಟ ಸೇರಲಿಲ್ಲ.

ಪಾಕಶಾಸ್ತ್ರವನ್ನು ಬಿಡಿ, ಕಾವ್ಯ ಏನು ಹೇಳುತ್ತದೆ? ನಮ್ಮ ಕೊಪ್ಪಳ ‘ಕವಿರಾಜಮಾರ್ಗ’ದ ಕಾಲಕ್ಕೇ ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಾಗಿತ್ತು, ಕೋಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವೂ ಆಗಿತ್ತು. ಆ ಧರ್ಮದ ಅಹಿಂಸಾತತ್ತ್ವವನ್ನು ಕನ್ನಡದಲ್ಲಿ ಪರಾಕಾಷ್ಠೆಗೆ ಒಯ್ದ ಕಾವ್ಯ ಜನ್ನನ ‘ಯಶೋಧರ ಚರಿತೆ’. ಅದರ ಕಾಲ ೧೨೦೯. ಅಲ್ಲಿ ರಾಜ ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಡುವುದು ಜೀವದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿ ಹುಟ್ಟಿದ್ದರಿಂದ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲುತ್ತಾರೆ. ಹಿಟ್ಟೇ ಆದರೂ ಭಾವ ಹಿಂಸೆಯದಾದರೆ ಪಾಪ ತಪ್ಪದು ಎಂಬುದು ಜನ್ನನ ದರ್ಶನ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹೊಳೆಯ ಆಚೆಗೆ, ಪಂಪಾಕ್ಷೇತ್ರದ ವಿರೂಪಾಕ್ಷನ ಸನ್ನಿಧಿಯಲ್ಲಿ, ಹರಿಹರ ರಗಳೆಗಳನ್ನು ಬರೆದ. ಅವನ ಕಣ್ಣಪ್ಪನ ಕಥೆ ಇದಕ್ಕೆ ನೇರ ಎದುರು. ಬೇಡನಾದ ಕಣ್ಣಪ್ಪ ಬೇಟೆಯ ಮಾಂಸವನ್ನು ಸುಟ್ಟು, ರುಚಿನೋಡಿ, ಚೆನ್ನಾಗಿರುವುದನ್ನೇ ಆಯ್ದು ಶಿವನಿಗೆ ಉಣಿಸುತ್ತಾನೆ. ಎಂಜಲು ಅಲ್ಲಿ ಮೀಸಲಾಗುತ್ತದೆ. ಮಾಂಸವೇ ಆದರೂ ಭಾವ ಪ್ರೀತಿಯದಾದರೆ ಅದು ನೈವೇದ್ಯ ಎಂಬುದು ಹರಿಹರನ ದರ್ಶನ. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಲನಚಿತ್ರವಾಗಿ ಬಂದು, ಮುಂದೆ ಡಾ. ರಾಜಕುಮಾರ್ ಎಂದು ನಾಡು ಕೊಂಡಾಡಿದ ನಟನನ್ನು ನಾಯಕನಾಗಿ ಪರಿಚಯಿಸಿದಾಗ, ಈ ಕಥೆ ಓದುಬರಹ ಬಾರದವರ ಕಣ್ಣುಗಳನ್ನೂ ತೋಯಿಸಿತು.

ಬಾಡಿನ ವಿಷಯದಲ್ಲಿ ಕನ್ನಡ ಮನಸ್ಸು ರೂಪುಗೊಂಡಿರುವುದು ಈ ಎರಡು ಧ್ರುವಗಳ ನಡುವೆ. ಒಂದೆಡೆ ಅದು ಪಾಪ, ಇನ್ನೊಂದೆಡೆ ಭಕ್ತಿ. ಅದು ಬರಿಯ ಊಟವೂ ಆಗಿರಬಹುದು, ಮಳೆಗಾಲಕ್ಕೆಂದು ಕೂಡಿಟ್ಟ ಬುತ್ತಿಯೂ ಆಗಿರಬಹುದು ಎಂಬ ಸಾಮಾನ್ಯ ಸತ್ಯಕ್ಕೆ ಇಬ್ಬರು ಮಹಾಕವಿಗಳಲ್ಲೂ ಎಡೆಯಿಲ್ಲ. ಇದು ಅವರ ದೋಷವಲ್ಲ. ಅವರ ಗುರಿ ಬೇರೆಯಾಗಿತ್ತು. ದೋಷ ನನ್ನಂಥವರದು. ನಾನು ಮೂವತ್ತು ವರ್ಷ ಕಣ್ಣಪ್ಪನ ರಗಳೆಯನ್ನು ತರಗತಿಯಲ್ಲಿ ಪಾಠ ಹೇಳಿದೆ. ಶೈಲಿ, ಛಂದಸ್ಸು, ಭಕ್ತಿರಸ ಎಲ್ಲವನ್ನೂ ವಿವರಿಸಿದೆ. ನನ್ನ ಮನೆಯ ಅಟ್ಟದ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಆ ಅಟ್ಟದ ಮಾತನ್ನು ಈಗ ಹೇಳುತ್ತೇನೆ. ಮುನಿರಾಬಾದಿಗೆ ಅಂಟಿಕೊಂಡಂತೆ ಹುಲಿಗಿ ಇದೆ; ಹುಲಿಗೆಮ್ಮನ ಕ್ಷೇತ್ರ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿದ ಕಾನೂನು ನಮ್ಮ ರಾಜ್ಯದಲ್ಲಿ ೧೯೫೯ರಿಂದ ಇದೆ. ಆದರೆ ನನ್ನ ಬಾಲ್ಯದಲ್ಲಿ ಜಾತ್ರೆಗೆ ಬಂದ ಒಕ್ಕಲುಗಳು ಹೊಳೆಯ ದಂಡೆಯ ಬಯಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಬೀಗರಿಗೆಲ್ಲ ಪಾಲು ಹಂಚುತ್ತಿದ್ದುದು ನೆನಪಿದೆ. ಪಾಲಿನಲ್ಲಿ ಮಿಕ್ಕ ಹಸಿ ಖಂಡವನ್ನು ಅಜ್ಜಿ ಮನೆಗೆ ತಂದು, ಎಳೆಯ ಉದ್ದಕ್ಕೆ ಬೆರಳಗಲದ ಪಟ್ಟಿಗಳಾಗಿ ಸೀಳಿ, ಉಪ್ಪು ಅರಿಸಿನ ತಿಕ್ಕಿ, ದಾರಕ್ಕೆ ಪೋಣಿಸಿ ಮಾಳಿಗೆಯ ಮೇಲೆ ಕಟ್ಟುತ್ತಿದ್ದಳು. ಕಾಗೆ ಕಾಯುವುದು ನನ್ನ ಕೆಲಸ. ಎರಡು ದಿನದ ಬಿಸಿಲು ಕುಡಿದ ಮೇಲೆ ಅವು ಒಲೆಯ ಮೇಲಣ ಗಳಕ್ಕೆ ಏರುತ್ತಿದ್ದವು. ಮುಂಗಾರು ಮುಗಿಲು ಮುಚ್ಚಿ, ಕೂಲಿಯಿಲ್ಲದೆ ಮನೆಯಲ್ಲಿ ಕೂತ ದಿನಗಳಲ್ಲಿ, ಅವುಗಳಲ್ಲಿ ಎರಡನ್ನು ಇಳಿಸಿ ಕುಟ್ಟಿ, ಜೋಳದ ನುಚ್ಚಿನೊಡನೆ ಕುದಿಸಿದರೆ ಏಳು ಜನಕ್ಕೆ ಸಾರಾಗುತ್ತಿತ್ತು.

ನಮ್ಮ ನೆರೆಯ ಮುಸಲ್ಮಾನರ ಮನೆಗಳಲ್ಲಿಯೂ ಬಕ್ರೀದಿನ ಮಾರನೆಯ ದಿನ ಇದೇ ನೋಟ. ಅಂಗಳದ ಹಗ್ಗದಲ್ಲಿ ಅರಿಸಿನ ಬಣ್ಣದ ಪಟ್ಟಿಗಳು. ನಿಜಾಮರ ರಾಜ್ಯಕ್ಕೆ ೧೯೪೮ರವರೆಗೆ ಸೇರಿದ್ದ ನಮ್ಮ ಸೀಮೆಯಲ್ಲಿ ಹೈದರಾಬಾದಿನ ಬಿರಿಯಾನಿಯ ಖ್ಯಾತಿ ಎಲ್ಲರಿಗೂ ಗೊತ್ತು. ಅದೇ ಮನೆಗಳ ಒಣಖಂಡದ ಸಾರಿಗೆ ಖ್ಯಾತಿಯಿಲ್ಲ.

ಬಯಲುಸೀಮೆಯಲ್ಲಿ ಬಿಸಿಲೇ ಮುಖ್ಯ, ಹೊಗೆ ಅದಕ್ಕೆ ಸಹಾಯಕ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕೊಪ್ಪಳದಲ್ಲಿ ಬಿಸಿಲಿಗೆ ಬರವೆಲ್ಲಿ? ಕೊಡಗಿನಲ್ಲಿ ಸಂಗತಿ ಬೇರೆ. ಮಡಿಕೇರಿಯಲ್ಲಿ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ. ಆಷಾಢ, ಶ್ರಾವಣಗಳಲ್ಲಿ ಉಟ್ಟ ಬಟ್ಟೆಯೇ ಒಣಗದ ಮೇಲೆ ಮಾಂಸ ಒಣಗೀತೆ? ಅಲ್ಲಿ ಒಲೆಯ ಹೊಗೆಯೇ ಸೂರ್ಯ. ಹಂದಿಯ ಮಾಂಸವನ್ನು ಉಪ್ಪು ಮೆಣಸು ಹಚ್ಚಿ ಒಲೆಯ ಮೇಲೆ ವಾರಗಟ್ಟಲೆ ಹೊಗೆಗೊಡ್ಡಿ ಇಡುವ ರೂಢಿ ಕೊಡವರ ಮನೆಗಳಲ್ಲಿ ಬಹುಕಾಲದಿಂದ ಬಂದದ್ದು. ಬೇಕಾದಾಗ ತೊಳೆದು, ಜಜ್ಜಿ ಹುರಿದರೆ ಗಂಜಿಗೂ ಅಕ್ಕಿರೊಟ್ಟಿಗೂ ಒದಗುತ್ತದೆ. ಕಾಡುಹಂದಿಯ ಬೇಟೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ನಿಂತುಹೋಗಬೇಕಾಯಿತು. ಸಾಕಿದ ಹಂದಿಯ ಮಾಂಸದಲ್ಲಿ ಆ ರುಚಿ ಉಳಿದುಕೊಂಡಿದೆ. ಕೊಡವರು ಇದನ್ನು ಮುಚ್ಚಿಡಲಿಲ್ಲ. ತಮ್ಮ ಮನೆತನದ ಹೆಮ್ಮೆಯೆಂದೇ ಅತಿಥಿಗಳ ಮುಂದೆ ಬಡಿಸಿದರು.

ಹೊಗೆಗೆ ಈ ಶಕ್ತಿ ಎಲ್ಲಿಂದ ಬಂತು? ಕಟ್ಟಿಗೆ ಧಗಧಗನೆ ಉರಿಯದೆ ಕೊರೆಕೊರೆಯಾಗಿ ಸುಟ್ಟಾಗ ಅದರಿಂದ ಫೀನಾಲ್‌ಗಳು, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ, ಫಾರ್ಮಾಲ್ಡಿಹೈಡ್ ಮುಂತಾದ ದ್ರವ್ಯಗಳು ಹೊರಟು ಮಾಂಸದ ಮೇಲ್ಮೈಯಲ್ಲಿ ಕೂಡುತ್ತವೆ. ಇವು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಕೊಬ್ಬು ಕಮಟಾಗುವುದನ್ನು ನಿಧಾನಿಸುತ್ತವೆ. ಆದರೆ ಹೊಗೆಯ ಕೆಲಸ ಹೊರಗಿನ ಪದರದಲ್ಲಿ ಮಾತ್ರ. ಒಳಗಿನ ನೀರನ್ನು ಹಿಂಡುವುದು ಉಪ್ಪು, ಆರಿಸುವುದು ಗಾಳಿ. ಆದ್ದರಿಂದಲೇ ಪಟ್ಟಿಗಳನ್ನು ತೆಳ್ಳಗೆ ಸೀಳಬೇಕು, ಉಪ್ಪು ಮೊದಲು ತಿಕ್ಕಬೇಕು, ಗಳ ಉರಿಗೆ ಎಟುಕದಷ್ಟು ಮೇಲಿರಬೇಕು. ಅಜ್ಜಿ ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಆದರೆ ಈ ಮೂರರಲ್ಲಿ ಒಂದನ್ನೂ ತಪ್ಪುತ್ತಿರಲಿಲ್ಲ. ಅಳಿಯನ ಪೀಪಾಯಿಯ ಕೆಲಸ ಇದಕ್ಕಿಂತ ಬೇರೆ. ಅಲ್ಲಿ ೧೦೦ರಿಂದ ೧೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಾಂಸ ಪೂರ್ತಿಯಾಗಿ ಬೇಯುತ್ತದೆ, ಅದೇ ದಿನ ತಿಂದು ಮುಗಿಯಬೇಕು. ಅದು ಹೊಗೆಯ ರುಚಿ. ಇದು ಹೊಗೆಯ ಕಾಪು.

ಶ್ರೋತೃಗಳು ಇಷ್ಟು ಕೇಳಿ, ಪ್ರೊಫೆಸರರು ಹಳೆಯದನ್ನೆಲ್ಲ ಹೊನ್ನೆಂದು ಹೊಗಳುತ್ತಿದ್ದಾರೆ ಎಂದು ಭಾವಿಸಬಾರದು. ಈ ಇತಿಹಾಸದಲ್ಲಿ ಎರಡು ಕಣ್ಣೀರಿನ ಅಧ್ಯಾಯಗಳಿವೆ.

ಮೊದಲನೆಯದು ಊರ ಹೊರಗಣ ಕೇರಿಯದು. ಸತ್ತ ದನವನ್ನು ಹೊತ್ತು ಸಾಗಿಸುವ ಕೆಲಸವನ್ನು ಯಾರ ಹೆಗಲಿಗೆ ಊರು ಕಟ್ಟಿತ್ತೋ, ಅವರಿಗೆ ಕೂಲಿಯೆಂದು ಸಿಗುತ್ತಿದ್ದುದು ಆ ದನದ ಮಾಂಸವೇ. ಒಮ್ಮೆಗೆ ತಿಂದು ತೀರದ್ದನ್ನು ಅವರು ಒಣಗಿಸಿ ಇಟ್ಟುಕೊಂಡರು. ಅದು ಅವರು ಆರಿಸಿಕೊಂಡ ರುಚಿಯಲ್ಲ. ಅವರಿಗೆ ಬಿಟ್ಟ ಉಳಿಕೆ. ಡಾಕ್ಟರ್ ಅಂಬೇಡ್ಕರರು ೧೯೨೭ರ ಮಾರ್ಚಿಯಲ್ಲಿ ಮಹಾಡಿನಲ್ಲಿ ತಮ್ಮ ಜನಕ್ಕೆ ಸತ್ತ ದನದ ಮಾಂಸವನ್ನೂ ಬೇಡಿ ತಂದ ಎಂಜಲನ್ನೂ ಬಿಡಿರೆಂದು ಕರೆಕೊಟ್ಟದ್ದು ನಾಲಗೆಯ ಶುದ್ಧಿಗಾಗಿ ಅಲ್ಲ, ತಲೆಯೆತ್ತಿ ನಿಲ್ಲುವುದಕ್ಕಾಗಿ. ಹೊಗೆಯಾಡಿಸಿದ ಮಾಂಸದ ರುಚಿಯನ್ನು ಇಂದು ನಾವು ಹೊಗಳುವಾಗ, ಅದೇ ವಾಸನೆಯ ಹೆಸರಿನಲ್ಲಿ ಜನರನ್ನು ಬಾವಿಕಟ್ಟೆಯಿಂದ ದೂರವಿಟ್ಟ ಕಾಲವೊಂದಿತ್ತು ಎಂಬುದನ್ನು ಮರೆಯಬಾರದು.

ಎರಡನೆಯ ಅಧ್ಯಾಯ ಹೆಂಗಸರದು. ಖಂಡವನ್ನು ಕಾಪಾಡಿದ ಹೊಗೆ ಒಲೆಯ ಮುಂದೆ ಕೂತವಳನ್ನು ಕಾಪಾಡಲಿಲ್ಲ. ಮಾಳಿಗೆಮನೆಗೆ ಇದ್ದದ್ದು ಒಂದೇ ಬೆಳಕಿಂಡಿ. ಜಂತಿಗಳಿಂದ ಇಲ್ಲಣ ಜೋತಾಡುತ್ತಿತ್ತು. ಅಜ್ಜಿಯ ಕಣ್ಣು ಸದಾ ಕೆಂಪು, ಎದೆಯಲ್ಲ ಕೆಮ್ಮು. ಕೊನೆಯ ದಿನಗಳಲ್ಲಿ ಅವಳಿಗೆ ಒಲೆಯ ಉರಿ ಕಾಣುತ್ತಿರಲಿಲ್ಲ. ವಾಸನೆಯಿಂದಲೇ ಹದವನ್ನು ಹೇಳುತ್ತಿದ್ದಳು. ಅದನ್ನು ನಾವು ಜಾಣತನವೆಂದು ಕೊಂಡಾಡಿದೆವೇ ಹೊರತು ಅದು ಹೊಗೆಯ ಕೊಡುಗೆಯೆಂದು ತಿಳಿಯಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ೧೯೮೦ರ ದಶಕದಲ್ಲಿ ಅದರ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳನ್ನು ಮುಟ್ಟಿತು. ಕಡಿಮೆ ಕಟ್ಟಿಗೆ, ಮೂರು ಪಾತ್ರೆ, ಹೊಗೆಯನ್ನು ಸೂರಿನಾಚೆಗೆ ಒಯ್ಯುವ ಕೊಳವೆ. ಆಮೇಲೆ ಅಡಿಗೆ ಅನಿಲ ಬಂದಿತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಬಂದಿತು. ಹೊಗೆಯೊಂದಿಗೆ ಅಟ್ಟವೂ ಹೋಯಿತು. ಹೊಗೆಯಿಲ್ಲದ ಒಲೆಯ ಮೇಲೆ ಖಂಡವನ್ನು ತೂಗಹಾಕಿದರೆ ಅದು ಕೆಡುತ್ತದೆಯೇ ಹೊರತು ಒಣಗುವುದಿಲ್ಲ. ಈ ನಷ್ಟಕ್ಕಾಗಿ ನಾನು ದುಃಖಿಸಲಾರೆ. ಅಜ್ಜಿಯ ಕಾಲಕ್ಕೆ ಆ ಕೊಳವೆ ಬಂದಿದ್ದರೆ ಅವಳ ಕಣ್ಣು ಉಳಿಯುತ್ತಿದ್ದವೇನೋ. ಹೊಗೆಯ ದ್ರವ್ಯಗಳಲ್ಲಿ ತಿನ್ನುವವನಿಗೂ ಹಿತವಲ್ಲದವು ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೫ರಲ್ಲಿ ಉಪ್ಪು ಹಾಕಿ, ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ತಿನ್ನುವುದು ಬೇರೆ, ದಿನವೂ ತಿನ್ನುವುದು ಬೇರೆ.

ಇನ್ನು ನನ್ನ ಮೌನದ ಮಾತು. ಓದಲೆಂದು ಊರು ಬಿಟ್ಟು ಒಂದು ವಿದ್ಯಾರ್ಥಿನಿಲಯವನ್ನು ಸೇರಿದ ಮೊದಲ ವಾರವೇ, ನನ್ನ ಪೆಟ್ಟಿಗೆ ತೆರೆದಾಗ ಕೋಣೆಯ ಗೆಳೆಯನೊಬ್ಬ ಮೂಗು ಮುಚ್ಚಿಕೊಂಡ. ಬಟ್ಟೆಯ ನಡುವೆ ಅಜ್ಜಿ ಎಲೆಯಲ್ಲಿ ಸುತ್ತಿ ಇಟ್ಟಿದ್ದ ನಾಲ್ಕು ಪಟ್ಟಿ ಒಣಖಂಡವಿತ್ತು. ಅವನು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ರಾತ್ರಿ ಅದನ್ನು ಹಿಂದಿನ ಬಯಲಿಗೆ ಎಸೆದು ಬಂದೆ. ಅಂಗಿಗಳನ್ನೆಲ್ಲ ಎರಡೆರಡು ಸಲ ಒಗೆದೆ. ರಜೆಗೆ ಊರಿಗೆ ಹೋದಾಗ ಅಜ್ಜಿ, “ಸಾಕಾತೇನಪಾ ಅದು?” ಎಂದು ಕೇಳಿದಳು. “ಸಾಕಾತಬೇ” ಎಂದೆ. ಮುಂದಿನ ಸಲ ಅವಳು ಕಟ್ಟಿಕೊಡಲು ಬಂದಾಗ ಬೇಡವೆಂದೆ. ಅವಳು ಕಾರಣ ಕೇಳಲಿಲ್ಲ.

ಅದೇ ವಿದ್ಯಾರ್ಥಿನಿಲಯಕ್ಕೆ ಸುಗ್ಗಿಯಲ್ಲಿ ನಾನು ಊರಿನಿಂದ ಸೀತನಿಯನ್ನು ಒಯ್ಯುತ್ತಿದ್ದೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ತಿಕ್ಕಿದ ಆ ಸೀತನಿಗೂ ಹೊಗೆಯದೇ ವಾಸನೆ. ಅದಕ್ಕೆ ಗೆಳೆಯರೆಲ್ಲ ಮುಗಿಬೀಳುತ್ತಿದ್ದರು. ಒಂದೇ ಹೊಲದ, ಒಂದೇ ಮನೆಯ ಹೊಗೆ. ತೆನೆಯ ಮೇಲಿದ್ದಾಗ ಘಮ, ಖಂಡದ ಮೇಲಿದ್ದಾಗ ನಾತ. ಈ ವ್ಯತ್ಯಾಸ ಮೂಗಿನದಲ್ಲ, ಸಮಾಜದ್ದು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಮಾಂಸವನ್ನು ಬಿಟ್ಟವರ ದಯೆಯನ್ನು ನಾನು ಗೌರವಿಸುತ್ತೇನೆ. ಜನ್ನನನ್ನು ಓದಿದವನು ಅದನ್ನು ಲಘುವಾಗಿ ಕಾಣಲಾರ. ಆದರೆ ಇನ್ನೊಬ್ಬರ ಒಲೆಯನ್ನು ನೋಡಿ ನಾಚಿಸುವುದು ದಯೆಯಲ್ಲ. ನಾಚಿಕೊಂಡು ತನ್ನ ಒಲೆಯನ್ನೇ ಮರೆಯುವುದು ವಿದ್ಯೆಯಲ್ಲ.

ಮತ್ತೆ ಮುನಿರಾಬಾದಿನ ಹಿತ್ತಲಿಗೆ ಬರೋಣ. ಅಳಿಯ ಕೆಂಡದ ಮೇಲೆ ಇಟ್ಟಿದ್ದ ಕಟ್ಟಿಗೆ ಯಾವುದೆಂದು ಕೇಳಿದೆ. ಬಳ್ಳಾರಿ ಜಾಲಿ ಎಂದ. ನನಗೆ ನಗು ಬಂತು. ನಮ್ಮ ಬೀಳುಭೂಮಿಯನ್ನೆಲ್ಲ ಆವರಿಸಿರುವ ಆ ಮುಳ್ಳಿನ ಮರ ಇಲ್ಲಿಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸೌದೆಗೆಂದು, ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಅದರ ಬೀಜವನ್ನು ಭಾರತಕ್ಕೆ ತಂದರು. ಅಮೆರಿಕದ ಟೆಕ್ಸಾಸಿನಲ್ಲಿ ಮಾಂಸ ಹೊಗೆಯಾಡಿಸಲು ಮೆಚ್ಚುವ ಮೆಸ್ಕೀಟ್ ಮರ ಇದರದೇ ಕುಲದ್ದು. ಬಾರ್ಬಕೋವ ಎಂಬ ಮಾತು ಹುಟ್ಟಿದ ಕಡಲಿನ ಮರವೇ, ಬಳ್ಳಾರಿಯ ಹೆಸರು ಹೊತ್ತು, ನಮ್ಮ ಹಿತ್ತಲಲ್ಲಿ ಹೊಗೆಯಾಡುತ್ತಿತ್ತು. ಮರಕ್ಕೆ ನಾವು ಊರಿನ ಹೆಸರು ಕೊಟ್ಟು ನಮ್ಮದಾಗಿಸಿಕೊಂಡೆವು. ನಮ್ಮ ಅಟ್ಟಕ್ಕೆ ಪರದೇಶದ ಹೆಸರು ಕೊಟ್ಟು ಪರಕೀಯ ಮಾಡಿದೆವು.

ಕತ್ತಲಾಗುತ್ತಿತ್ತು. ಹಿತ್ತಲಿನಾಚೆ ಅಣೆಕಟ್ಟಿನ ದೀಪಗಳು ಹತ್ತಿದ್ದವು. ೧೯೫೩ರಲ್ಲಿ ಅಲ್ಲಿ ನೀರು ನಿಂತಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನನ್ನ ಅಜ್ಜಿಯ ತವರೂರು ಅವುಗಳಲ್ಲಿ ಒಂದು. ಆ ಮನೆಯ ಒಲೆಯೂ ಗಳವೂ ಆ ನೀರಿನಡಿಯಲ್ಲಿವೆ. ಅಳಿಯ ಮುಚ್ಚಳ ತೆಗೆದು, ತೊಡೆಯ ಅಂಚಿನಿಂದ ಒಂದು ತುಂಡನ್ನು ಕೊಯ್ದು, ಆರಿಸಿ, ಮೊದಲು ನನ್ನ ಕೈಗೆ ಕೊಟ್ಟ. ಅವನ ಹೆಂಡತಿ ಕುರ್ಚಿಯ ಮೇಲೆ ಕುಳಿತು ಮಗುವಿಗೆ ಜೋಳದ ತೆನೆ ಬಿಡಿಸಿಕೊಡುತ್ತಿದ್ದಳು. ಹೊಗೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದವನು ಅವನು. ಇಷ್ಟಾದರೂ ಬದಲಾಗಿದೆಯಲ್ಲ ಎಂದು ಸಮಾಧಾನವಾಯಿತು.

“ಹೆಂಗೈತಿ ಮಾಮಾ?” ಎಂದು ಕೇಳಿದ. ಉಪ್ಪು ಸರಿಯಾಗಿತ್ತು, ಹೊಗೆ ತುಸು ಹೆಚ್ಚಾಗಿತ್ತು. ಹಾಗೆಂದೇ ಹೇಳಿದೆ. ಅದು ನಿಮಗೆ ಹೇಗೆ ತಿಳಿಯಿತು ಎಂದು ಅವನು ಹುಬ್ಬೇರಿಸಿದ. ಆಗ ಒಂದು ಕುರ್ಚಿಯನ್ನು ಎಳೆದುಕೊಂಡು ಕುಳಿತು, ಐವತ್ತು ವರ್ಷ ಯಾರಿಗೂ ಹೇಳದ ಆ ಒಲೆಯ ಕಥೆಯನ್ನು ಅವನಿಗೆ ಮೊದಲಿನಿಂದ ಹೇಳತೊಡಗಿದೆ.